ಅಂಟಿನ ಮನೆ ಪುಷ್ಪಮ್ಮ

ಭದ್ರಾವತಿಯ ಓಲ್ಡ್ ಟೌನಿನ ಸರ್ಕಾರಿ ಶಾಲೆಯಲ್ಲಿ ಪುಷ್ಪಮ್ಮ ಹನ್ನೊಂದು ವರ್ಷ ಬಿಸಿಯೂಟ ಬೇಯಿಸಿದವಳು. ಅನ್ನ ಸಾರನ್ನು ಯಾರು ಬೇಕಾದರೂ ಮಾಡಿಯಾರು. ಆದರೆ ಬೆಳಗ್ಗೆ ಮಕ್ಕಳಿಗೆ ಕೊಡುವ ಪುಡಿ ಹಾಲಿದೆಯಲ್ಲ, ಅದರಲ್ಲಿ ಗಂಟು ಬಾರದಂತೆ ಕದಡುವುದು ಎಲ್ಲರ ಕೈಗೂ ಬರುವ ವಿದ್ಯೆಯಲ್ಲ. ಬೇರೆ ಶಾಲೆಗಳಲ್ಲಿ ಮಕ್ಕಳು ಹಾಲು ಕುಡಿಯುವ ಬದಲು ಅಗಿಯುತ್ತಿದ್ದರು. ಪುಷ್ಪಮ್ಮನ ಹಾಲು ಮಾತ್ರ ಈಗಷ್ಟೇ ಕರೆದದ್ದರಂತೆ ನುಣ್ಣಗಿರುತ್ತಿತ್ತು.

ಒಂದು ವರ್ಷ ಶಾಲೆಯ ವಾರ್ಷಿಕೋತ್ಸವಕ್ಕೆ ಮುಖ್ಯ ಅತಿಥಿಯಾಗಿ ಬಂದವರು ರೇಣುಕಾಪ್ರಸಾದ್. ಮನೆ ಶಿವಮೊಗ್ಗದ ರವೀಂದ್ರನಗರದಲ್ಲಿ. ತರೀಕೆರೆ ರಸ್ತೆಯಲ್ಲಿ ಅವರದೊಂದು ಸಣ್ಣ ಪ್ಲೈವುಡ್ ಕಾರ್ಖಾನೆ, ಹೆಸರು ಮಲೆಸಿರಿ ಪ್ಯಾನಲ್ಸ್. ಭಾಷಣಕ್ಕೆ ಮೊದಲು ಅವರಿಗೂ ಒಂದು ಲೋಟ ಹಾಲು ಕೊಟ್ಟರು. ಅವರು ಕುಡಿದರು, ಲೋಟದ ತಳ ನೋಡಿದರು, ಬೆರಳಿಂದ ಸವರಿಯೂ ನೋಡಿದರು. ಭಾಷಣದಲ್ಲಿ ಏನು ಹೇಳಿದರೋ ಯಾರಿಗೂ ನೆನಪಿಲ್ಲ. ಮುಗಿದ ಮೇಲೆ ನೇರವಾಗಿ ಅಡುಗೆ ಕೋಣೆಗೆ ಬಂದರು.

"ಒಂದೇ ಒಂದು ಗಂಟು ಇಲ್ವಲ್ರೀ. ಹೆಂಗೆ?"

"ಪುಡಿ ಮೇಲೆ ಒಟ್ಟಿಗೇ ನೀರು ಸುರಿದ್ರೆ ಗಂಟಾಗುತ್ತೆ ಸಾರ್. ಮೊದ್ಲು ಸ್ವಲ್ಪ ನೀರಲ್ಲಿ ಚಟ್ನಿ ತರ ಕಲಸ್ಕೋಬೇಕು. ಆಮೇಲೆ ಉಳಿದದ್ದು. ಕೈ ಮಾತ್ರ ನಿಲ್ಲಿಸಬಾರದು."

ರೇಣುಕಾಪ್ರಸಾದರ ಕಾರ್ಖಾನೆಗೆ ಆಗ ಬಡಿದಿದ್ದ ದೊಡ್ಡ ರೋಗವೇ ಗಂಟು. ಸಿಲ್ವರ್ ಓಕ್, ನೀಲಗಿರಿ ದಿಮ್ಮಿಗಳನ್ನು ಹಪ್ಪಳದಷ್ಟು ತೆಳ್ಳಗೆ ಸುಲಿದು, ಹಾಳೆಯ ಮೇಲೆ ಹಾಳೆಯಿಟ್ಟು, ನಡುವೆ ಅಂಟು ಸವರಿ, ಬಿಸಿ ಪ್ರೆಸ್ಸಿನಲ್ಲಿ ಒತ್ತಿದರೆ ಪ್ಲೈವುಡ್. ಆ ಅಂಟಿಗೆ ಡ್ರಮ್ಮಿನಲ್ಲಿ ಬರುವ ರೆಸಿನ್, ಅದು ಮಂದವಾಗಲು ಮೈದಾ, ಬೇಗ ಗಟ್ಟಿಯಾಗಲು ಹಾರ್ಡನರ್ ಎಂಬ ಬಿಳಿಯ ಪುಡಿ. ಕಲಸುವವರು ಮೈದಾವನ್ನು ಗಂಟು ಕಟ್ಟಿಸುತ್ತಿದ್ದರು. ಗಂಟಿದ್ದ ಕಡೆಯೆಲ್ಲ ಹಲಗೆಯ ಮೇಲೆ ಗುಳ್ಳೆ ಏಳುತ್ತಿತ್ತು. ಮುಂದಿನ ವರ್ಷ ಶಾಲೆಯ ಊಟ ಹೊರಗಿನಿಂದ ವ್ಯಾನಿನಲ್ಲಿ ಬರತೊಡಗಿ ಪುಷ್ಪಮ್ಮನ ಕೆಲಸ ಹೋದಾಗ, ಅದು ರೇಣುಕಾಪ್ರಸಾದರಿಗೆ ಮೊದಲು ಗೊತ್ತಾಯಿತೋ ಪುಷ್ಪಮ್ಮನಿಗೋ ಹೇಳುವುದು ಕಷ್ಟ. ಸೋಮವಾರ ಒಲೆ ಆರಿತು, ಬುಧವಾರ ಅವಳು ಕಾರ್ಖಾನೆಯ ಅಂಟಿನ ಮನೆಯಲ್ಲಿದ್ದಳು.

ಗಂಡ ಚಂದ್ರು ಓಲ್ಡ್ ಟೌನಿಗೂ ನ್ಯೂ ಟೌನಿಗೂ ನಡುವೆ ಆಟೊ ಓಡಿಸುವವನು. ಹತ್ತಿದ ಗಿರಾಕಿಗೆಲ್ಲ, ಕೇಳದಿದ್ದರೂ, "ನಮ್ಮನೆಯವಳು ಕೆಮಿಕಲ್ ಲೈನಲ್ಲಿದ್ದಾಳೆ" ಎಂದು ಹೇಳಿ ಮುಗಿಸಿದ ಮೇಲೆಯೇ ಗೇರು ಹಾಕುತ್ತಿದ್ದ.

ಅಂಟಿನ ಮನೆಯಲ್ಲಿ ಪುಷ್ಪಮ್ಮ ಆರು ವರ್ಷದಲ್ಲಿ ತನ್ನದೇ ಒಂದು ಶಿಸ್ತು ತಂದಳು. ಮೂಗಿಗೆ ಮಾಸ್ಕು, ಕೈಗೆ ಗ್ಲೌಸು, ಚಪ್ಪಲಿ ಹೊರಗೆ. ರೆಸಿನ್ನಿಗೊಂದು ಘಾಟು ಇತ್ತು. ಒಣಮೆಣಸಿನಕಾಯಿ ಹುರಿದಾಗ ಗಂಟಲಿಗೆ ಬಂದು ಕೂರುತ್ತದಲ್ಲ, ಅಂಥದ್ದು. ಡ್ರಮ್ಮಿನ ಮುಚ್ಚಳ ತೆಗೆದ ಕೂಡಲೇ ಕಣ್ಣಿಗೆ ಎಷ್ಟು ಹೊತ್ತಿಗೆ ನೀರು ಬರುತ್ತದೆ ಎಂಬುದರ ಮೇಲೆ ಅವಳು ಮಾಲಿನ ಗುಣ ಹೇಳುತ್ತಿದ್ದಳು.

ಕಳೆದ ಬೇಸಗೆಯಲ್ಲಿ ದೊಡ್ಡದೊಂದು ಆರ್ಡರು ಬಂತು. ಹೊಸ ಸಪ್ಲೈಯರ್ ಒಬ್ಬ ಅಗ್ಗದ ರೆಸಿನ್ ತಂದಿಳಿಸಿದ. ಮುಚ್ಚಳ ತೆಗೆದ ಪುಷ್ಪಮ್ಮ ಎರಡು ಹೆಜ್ಜೆ ಹಿಂದೆ ಸರಿದಳು.

"ಯಜಮಾನ್ರೇ, ಇದು ಬಹಳ ಘಾಟು. ಒಂದೇ ಉಸಿರಿಗೆ ನೀರು ಬಂತು."

"ಬಿಸಿಲಿಗೆ ಹಂಗೆ ಅನ್ಸುತ್ತೆ. ಹಾರ್ಡನರ್ ಒಂದು ಕೈ ಜಾಸ್ತಿ ಹಾಕಿ, ಪ್ರೆಸ್ಸಲ್ಲಿ ಐದು ನಿಮಿಷ ಇಡೋದನ್ನ ಮೂರೂವರೆಗೆ ತೆಗೀರಿ. ಲಾರಿ ಶುಕ್ರವಾರ ಹೊರಡಬೇಕು."

"ಅರ್ಧ ಬೆಂದ ಇಡ್ಲಿ ತೆಗೆದಂಗಾಗುತ್ತೆ. ಮೇಲೆ ಬೆಂದಿರುತ್ತೆ, ಒಳಗೆ ಹಸಿ."

"ಇಡ್ಲೀನ ತಿಂತಾರೆ ಪುಷ್ಪಮ್ಮ. ಇದನ್ನ ಯಾರು ತಿಂತಾರೆ?"

"ತಿನ್ನಲ್ಲ. ಮೂಸ್ತಾರಲ್ಲ?"

ರೇಣುಕಾಪ್ರಸಾದ್ ನಕ್ಕು ಹೊರಟುಹೋದರು. ಶುಕ್ರವಾರ ಲಾರಿ ಹೊರಟಿತು. ಉಳಿದ ನಲವತ್ತು ಹಲಗೆಗಳನ್ನು ತಮ್ಮ ಮನೆಗೇ ಕಳಿಸಿಕೊಂಡರು. ಮಗಳು ಸ್ಫೂರ್ತಿಯನ್ನು ನೋಡಲು ದಾವಣಗೆರೆಯಿಂದ ಗಂಡಿನವರು ಬರುವುದಿತ್ತು. ಅಷ್ಟರೊಳಗೆ ನಡುಮನೆಗೆ ಗೋಡೆತುಂಬ ಬೀರು, ಟಿವಿ ಹಿಂದೆ ಪ್ಯಾನೆಲು, ನಡುವೆ ಒಂದು ಪಾರ್ಟಿಷನ್ನು ಎಲ್ಲ ಆಗಬೇಕಿತ್ತು. ಬಡಗಿಗಳು ಕೊನೆಯ ಮೊಳೆ ಹೊಡೆದದ್ದು ಅವರು ಬರುವ ಹಿಂದಿನ ದಿನ ಸಂಜೆ. ಕೆಲಸ ನಡೆಯುವಾಗ ಕಿಟಕಿ ಬಾಗಿಲು ತೆರೆದೇ ಇದ್ದುದರಿಂದ, ಮನೆಯವರು ಸಣ್ಣ ವಾಸನೆಯನ್ನು ಪೇಂಟಿನದು ಎಂದುಕೊಂಡು ಸುಮ್ಮನಿದ್ದರು.

ಗಂಡಿನವರು ಬರುವ ದಿನ ಫಲಾಹಾರ ಮಾಡಲು ಪುಷ್ಪಮ್ಮನನ್ನೇ ಕರೆಸಿದ್ದರು. ಅವಳು ಹಿತ್ತಲಿನ ಒಲೆಯ ಮುಂದೆ ಕೇಸರಿಬಾತು, ಬೋಂಡ ನೋಡಿಕೊಳ್ಳುತ್ತಿದ್ದಳು. ಮೇ ತಿಂಗಳ ಬಿಸಿಲು. ನಡುಮನೆಯ ಎ.ಸಿ. ತಂಪಿಗಿಂತ ಸದ್ದನ್ನೇ ಹೆಚ್ಚು ಮಾಡುತ್ತಿತ್ತು. ಇದ್ದ ತಂಪೂ ಹೊರಗೆ ಹೋದೀತೆಂದು ಯಜಮಾನಿ ಬಸವರಾಜೇಶ್ವರಿ ಎಲ್ಲ ಕಿಟಕಿಗಳನ್ನೂ ಭದ್ರವಾಗಿ ಹಾಕಿಸಿದ್ದರು.

ಗಂಡಿನವರು ಬಂದು ಕೂತರು: ಹುಡುಗ ವೀರೇಂದ್ರ, ಅವನ ತಂದೆ ತಾಯಿ, ಮತ್ತು ಆ ಮನೆಯಲ್ಲಿ ಕೊನೆಯ ಮಾತು ಯಾರದೋ ಅವರು, ಅಂದರೆ ಜಗದಾಂಬಾ ಅಜ್ಜಿ. ಸ್ಫೂರ್ತಿ ಪಾನಕದ ತಟ್ಟೆ ಹಿಡಿದು ಬಂದಳು. ಅವಳ ಎರಡು ಕಣ್ಣಿಂದಲೂ ನೀರು ಧಾರೆಯಾಗಿ ಇಳಿಯುತ್ತಿತ್ತು.

ಅಜ್ಜಿ ಲೋಟ ತೆಗೆದುಕೊಳ್ಳಲಿಲ್ಲ. "ಯಾಕವ್ವಾ, ಅಳ್ತಾ ಇದ್ದೀಯಲ್ಲ? ಒತ್ತಾಯ ಮಾಡಿ ಕೂರ್ಸಿದ್ದಾರೇನು?"

"ಇಲ್ಲಜ್ಜಿ," ಎಂದು ಸ್ಫೂರ್ತಿ ಮೂಗೆಳೆದಳು.

"ಒತ್ತಾಯ ಎಂಥದ್ದೂ ಇಲ್ಲ, ಅವಳಿಗೆ ಪೂರ್ಣ ಒಪ್ಗೆ," ಎಂದ ಬಸವರಾಜೇಶ್ವರಿಯವರ ಕಣ್ಣಿಂದಲೂ ಬಳಬಳನೆ ನೀರು. ಸೆರಗಿನಿಂದ ಒರೆಸಿಕೊಂಡಷ್ಟೂ ಹೆಚ್ಚಾಯಿತು.

ರೇಣುಕಾಪ್ರಸಾದ್ ಮಾತು ಬದಲಿಸಲು, "ಈ ಬೀರು ನೋಡಿ, ನಮ್ದೇ ಬೋರ್ಡು," ಎಂದು ಅದರ ಎರಡೂ ಬಾಗಿಲನ್ನು ದೊಡ್ಡದಾಗಿ ತೆರೆದರು. ಮುಚ್ಚಿಟ್ಟಿದ್ದ ಘಾಟೆಲ್ಲ ಒಟ್ಟಿಗೆ ಹೊರಬಂತು. ಸ್ವಲ್ಪ ಹೊತ್ತಿನಲ್ಲಿ ಹುಡುಗನ ತಾಯಿ ಅತ್ತರು. ಹುಡುಗ ಕನ್ನಡಕ ತೆಗೆದು ಒರೆಸಿ, ಹಾಕಿ, ಮತ್ತೆ ತೆಗೆದ. ತನ್ನ ತಂದೆ ತೀರಿಕೊಂಡಾಗಲೂ ಕಣ್ಣು ಒದ್ದೆಯಾಗದ ಮನುಷ್ಯ ಎಂದು ಹೆಸರಾದ ಹುಡುಗನ ಅಪ್ಪ ಕರ್ಚೀಫಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದರು. ಅವರು ಅತ್ತದ್ದು ಕಂಡು ಅಜ್ಜಿಗೆ ನಿಜವಾಗಿಯೇ ಕರುಳು ಚುರ್ ಎಂದು, ಅವರೂ ಶುರುಮಾಡಿದರು. ಪಕ್ಕದ ಮನೆಯವರು ಗೇಟಿನ ಹತ್ತಿರ ಬಂದು, ಯಾರಿಗೆ ಏನಾಯಿತು ಎಂದು ಮೆಲ್ಲಗೆ ವಿಚಾರಿಸಿದರು.

ಅಷ್ಟರಲ್ಲಿ ಪುಷ್ಪಮ್ಮ ಕೇಸರಿಬಾತಿನ ತಟ್ಟೆಗಳನ್ನು ಹೊತ್ತು ಒಳಗೆ ಬಂದಳು. ಹೊಸ್ತಿಲಲ್ಲೇ ನಿಂತು ಒಂದು ಉಸಿರು ಎಳೆದಳು. ತಟ್ಟೆಗಳನ್ನು ಟೀಪಾಯಿಯ ಮೇಲಿಟ್ಟು, ಯಾರನ್ನೂ ಕೇಳದೆ ಒಂದೊಂದೇ ಕಿಟಕಿ ತೆರೆದಳು. ಆಮೇಲೆ ಬೀರುವಿನೊಳಗೆ ತಲೆ ಹಾಕಿ ಮೂಸಿದಳು.

"ಯಜಮಾನ್ರೇ, ಇದು ಆ ಶುಕ್ರವಾರದ ಮಾಲು."

"ಪುಷ್ಪಮ್ಮ, ಆಮೇಲೆ ಮಾತಾಡೋಣ."

"ಆಮೇಲೆ ಅಂದ್ರೆ ಇಲ್ಲಿ ಯಾರೂ ಉಳಿಯಲ್ಲ. ಎಲ್ರೂ ಹೊರಗೆ ಬನ್ನಿ. ಅಜ್ಜಿ, ನೀವು ಮೊದ್ಲು."

ಫಲಾಹಾರ ಕಾರ್ ನಿಲ್ಲಿಸುವ ಜಾಗದಲ್ಲಿ, ಕಾರಿಗೂ ತುಳಸಿಕಟ್ಟೆಗೂ ನಡುವೆ ನಡೆಯಿತು. ಗಾಳಿ ಸೇವಿಸಿ ಎಲ್ಲರ ಮುಖಕ್ಕೂ ಬಣ್ಣ ಬಂತು. ಜಗದಾಂಬಾ ಅಜ್ಜಿ ಕೇಸರಿಬಾತನ್ನು ಎರಡನೇ ಸಲ ಹಾಕಿಸಿಕೊಂಡು ತೀರ್ಪು ಕೊಟ್ಟರು.

"ಹುಡುಗಿ ಅತ್ತಿದ್ದು ಹಲಗೆಗೋ, ನಮ್ ಹುಡುಗನ್ನ ನೋಡಿಯೋ, ನಂಗೆ ಗೊತ್ತಾಗ್ಬೇಕು. ಆ ಘಾಟು ಹೋಗ್ಲಿ. ಆಷಾಢಕ್ಕೆ ಮುಂಚೆ ಇನ್ನೊಂದ್ಸಲ ಬರ್ತೀವಿ. ನಾನು ಅದೇ ಕೋಣೇಲಿ ಬಾಗ್ಲು ಹಾಕ್ಕಂಡು ಅರ್ಧ ಗಂಟೆ ಕೂರ್ತೀನಿ. ಕಣ್ಣಲ್ಲಿ ನೀರು ಬರ್ಲಿಲ್ಲ ಅಂದ್ರೆ ಮುಂದಿನ ಮಾತು."

ಕಾರು ಹೊರಟ ಮೇಲೆ ಬಸವರಾಜೇಶ್ವರಿ ಗಂಡನ ಕಡೆ ನೋಡಿದ ನೋಟಕ್ಕೆ ಬೀರು ಸಹ ಒಂದು ಅಂಗುಲ ಹಿಂದೆ ಸರಿದಿರಬೇಕು ಎಂದು ಪುಷ್ಪಮ್ಮ ಆಮೇಲೆ ಚಂದ್ರುವಿಗೆ ಹೇಳಿದಳು.

ಮಾರನೆಯ ದಿನ ನಡುಮನೆಯ ಹಲಗೆಗಳನ್ನೆಲ್ಲ ಬಿಚ್ಚಿ ಕಾರ್ಖಾನೆಯ ಬಯಲಿಗೆ ಸಾಗಿಸಿದರು. ಲಾರಿಯಲ್ಲಿ ಹೋದ ಮಾಲನ್ನೂ ವಾಪಸು ತರಿಸಿದರು. ಅಗ್ಗದ ರೆಸಿನ್ನಿನ ಡ್ರಮ್ಮುಗಳು ಬಂದ ದಾರಿಯಲ್ಲೇ ಹಿಂದಕ್ಕೆ ಹೋದವು. ಮೊದಲಿನ ರೆಸಿನ್ನೇ ಮತ್ತೆ ಬಂತು. ಅದರ ಜೊತೆಗೆ ಮಧುಸೂದನ ಎಂಬ ಹುಡುಗನೂ ಬಂದ. ಶಿವಮೊಗ್ಗದವನು, ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಓದಿದವನು, ಪುರೋಹಿತರ ಮನೆಯವನಾದ್ದರಿಂದ ಯಾವುದನ್ನೂ ಅಳತೆ ತಪ್ಪಿ ಮಾಡದವನು. ಅವನು ಮೊದಲ ದಿನವೇ ಅಂಟಿನ ಮನೆಗೆ ಬಂದು, ಆ ಘಾಟಿಗೆ ಫಾರ್ಮಾಲ್ಡಿಹೈಡ್ ಎಂದು ಹೆಸರು, ರೆಸಿನ್ನಿನಲ್ಲಿ ಸೇರದೆ ಉಳಿದದ್ದು ಹಲಗೆಯಿಂದ ತಿಂಗಳುಗಟ್ಟಲೆ ಹೊರಗೆ ಬರುತ್ತದೆ, ಆರೋಗ್ಯಕ್ಕೆ ಬಹಳ ಕೆಟ್ಟದ್ದು ಎಂದು ವಿವರಿಸಿದ.

"ಹೆಸರು ಈಗ ಗೊತ್ತಾಯ್ತು ಮಧು ಸಾರ್," ಎಂದಳು ಪುಷ್ಪಮ್ಮ. "ಆಸಾಮಿ ಆರು ವರ್ಷದಿಂದ ಗೊತ್ತು."

ಮಧುಸೂದನನ ಪರೀಕ್ಷೆ ನೋಡಲು ಸರಳವಾಗಿತ್ತು. ಗಾಜಿನ ದೊಡ್ಡ ಜಾಡಿಯ ತಳದಲ್ಲಿ ಒಂದು ಬಟ್ಟಲು ನೀರು, ಅದರ ಮೇಲೆ ಹಲಗೆಯ ಚೂರುಗಳು, ಬಿಗಿಯಾಗಿ ಮುಚ್ಚಳ. ಒಂದು ದಿನ ಬಿಟ್ಟರೆ ಘಾಟು ನೀರಿಗಿಳಿಯುತ್ತದೆ. ಆ ನೀರಿಗೆ ಇನ್ನೊಂದು ದ್ರವ ಬೆರೆಸಿ ಬಿಸಿ ಮಾಡಿದರೆ ಹಳದಿ ಬಣ್ಣ ಬರುತ್ತದೆ. ಹಳದಿ ಗಾಢವಾದಷ್ಟೂ ಘಾಟು ಹೆಚ್ಚು. ಶುಕ್ರವಾರದ ಮಾಲಿನ ನೀರು ಮದುವೆ ಮನೆಯ ಅರಿಶಿನದ ಹಾಗೆ ಬಂತು. ಇನ್ನೊಂದು ಪರೀಕ್ಷೆ ಗಟ್ಟಿತನದ್ದು: ಹಲಗೆಯ ಚೂರನ್ನು ಮೂರು ತಾಸು ಬಿಸಿನೀರಿನಲ್ಲಿ ನೆನೆಸಿ, ಒಣಗಿಸಿ, ಪದರಗಳ ನಡುವೆ ಚಾಕು ತೂರಿಸಿ ಮೀಟುವುದು. ಮರವೇ ಸೀಳಬೇಕು, ಅಂಟು ಬಿಡಬಾರದು.

"ಯೂರಿಯಾ ಸೇರಿಸೋಣ," ಎಂದ ಮಧುಸೂದನ. "ಉಳಿದಿರೋ ಫಾರ್ಮಾಲ್ಡಿಹೈಡನ್ನ ಅದು ಹಿಡ್ಕೊಳ್ಳುತ್ತೆ. ಪುಸ್ತಕದಲ್ಲಿದೆ."

"ತೋಟಕ್ಕೆ ಹಾಕೋ ಯೂರಿಯಾನಾ?"

"ಅದೇ ಜಾತಿ, ಶುದ್ಧವಾದದ್ದು."

ಹಾಕಿದರು. ಜಾಡಿಯ ನೀರು ನಿಂಬೆ ಷರಬತ್ತಿನಷ್ಟು ತಿಳಿಯಾಯಿತು. ರೇಣುಕಾಪ್ರಸಾದ್ ಅಲ್ಲೇ ಮೊಬೈಲಿನಲ್ಲಿ ಹೆಂಡತಿಗೆ ಫೋಟೊ ಕಳಿಸಿದರು. ಆಮೇಲೆ ನೆನೆಸಿದ ಚೂರಿಗೆ ಪುಷ್ಪಮ್ಮ ಚಾಕು ತೂರಿಸಿದಳು. ಒತ್ತಬೇಕಾಗಲೇ ಇಲ್ಲ. ಒಂದೊಂದೇ ಪದರ ತಾನಾಗಿ ಬಿಚ್ಚಿಕೊಂಡಿತು.

"ಮಧು ಸಾರ್, ಇದು ಪ್ಲೈವುಡ್ ಅಲ್ಲ. ಚಿರೋಟಿ. ಮೇಲೆ ಸಕ್ಕರೆ ಉದುರಿಸಿದ್ರೆ ಬಡಿಸ್ಬಹುದು."

ಯೂರಿಯಾ ಘಾಟನ್ನು ಹಿಡಿಯುವಾಗ ಅಂಟು ಗಟ್ಟಿಯಾಗಲು ಬೇಕಾದದ್ದನ್ನೂ ಹಿಡಿದುಕೊಂಡಿತ್ತು. ಕಡಿಮೆ ಹಾಕಿದರೆ ಘಾಟು, ಹೆಚ್ಚು ಹಾಕಿದರೆ ಚಿರೋಟಿ. ಹೀಗೆ ಎರಡು ವಾರ ಹೋಯಿತು. ಬಸವರಾಜೇಶ್ವರಿ ದಿನಾ ಮಧ್ಯಾಹ್ನ ಕಾರ್ಖಾನೆಗೆ ಫೋನ್ ಮಾಡಿ ನೀರಿನ ಬಣ್ಣ ಕೇಳುತ್ತಿದ್ದರು. ಮಧುಸೂದನ ಪುಸ್ತಕದೊಳಗೆ ಮುಖ ಹುದುಗಿಸಿಕೊಂಡ.

"ಹೊರದೇಶದಲ್ಲಿ ಟ್ಯಾನಿನ್ ಹಾಕ್ತಾರಂತೆ," ಎಂದ ಒಂದು ದಿನ ಊಟದ ಹೊತ್ತಿನಲ್ಲಿ. "ಮರದ ತೊಗಟೆಯಿಂದ ತೆಗೆದದ್ದು. ಅದೂ ಘಾಟನ್ನ ಕಟ್ಟಿಹಾಕುತ್ತೆ. ಆದ್ರೆ ತರಿಸೋಕೆ ಎರಡು ತಿಂಗಳು ಬೇಕು."

"ಟ್ಯಾನಿನ್ ಅಂದ್ರೆ ಎಂಥದ್ದು?"

"ಒಗರು. ಚಹಾ ಸೊಪ್ಪಲ್ಲಿ, ಅಡಿಕೇಲಿ ಇರುತ್ತಲ್ಲ, ಆ ಒಗರು."

ಪುಷ್ಪಮ್ಮನ ಬಾಯಿಗೆ ಹೋಗುತ್ತಿದ್ದ ತುತ್ತು ನಿಂತಿತು. "ಮಾರಾಯ್ರೇ, ಒಗರು ಬೇಕು ಅಂತ ಶಿವಮೊಗ್ಗದಲ್ಲಿ ಕೂತು ಹೊರದೇಶಕ್ಕೆ ಕಾಗದ ಬರೀತೀರಾ? ಚೊಗರು ಇದ್ಯಲ್ಲ!"

ಅಡಿಕೆ ಬೇಯಿಸಿದ ಹಂಡೆಯಲ್ಲಿ ಉಳಿಯುವ ಕಡುಗೆಂಪು ಮಂದ ನೀರೇ ಚೊಗರು. ಒಣ ಅಡಿಕೆಗೆ ಬಣ್ಣ ಕಟ್ಟಲು ಬಳಸುತ್ತಾರೆ, ಬಟ್ಟೆಗೆ ತಾಗಿದರೆ ಜನ್ಮದಲ್ಲಿ ಹೋಗುವುದಿಲ್ಲ. ಚಂದ್ರು ಅಂದೇ ಆಟೊದಲ್ಲಿ ಹೋಗಿ ಅಡಿಕೆ ಫಸಲನ್ನು ಗುತ್ತಿಗೆ ಹಿಡಿಯುವ ಪರಿಚಯದ ಚೇಣಿದಾರನಿಂದ ಎರಡು ಕ್ಯಾನು ಚೊಗರು ತಂದ. ದಾರಿಯುದ್ದಕ್ಕೂ ಗಿರಾಕಿಗಳಿಗೆ ಇದು ಕೆಮಿಕಲ್ ಎಂದು ಹೇಳಿದ್ದನಂತೆ.

ಮಧುಸೂದನನಿಗೆ ಅಳತೆ ಗೊತ್ತಿರಲಿಲ್ಲ, ಪುಸ್ತಕದಲ್ಲಿ ಚೊಗರಿರಲಿಲ್ಲ. ಪುಷ್ಪಮ್ಮ ಕಣ್ಣಳತೆಯಲ್ಲಿ ಒಂದು ಬಕೆಟ್ ಸುರಿದಳು. ಸುರಿದು ಹತ್ತು ನಿಮಿಷಕ್ಕೆ ಅಂಟು ಪಾತ್ರೆಯಲ್ಲೇ ಹಲ್ವದ ಹಾಗೆ ಬಿಗಿಯತೊಡಗಿತು. ಓಡಿಯಾಡಿ ಹೇಗೋ ಹಾಳೆಗಳಿಗೆ ಸವರಿ ಪ್ರೆಸ್ಸಿಗೆ ಹಾಕಿದರು. ಹೊರಬಂದ ಹಲಗೆಯ ಅಂಚುಗಳಿಂದ ಕೆಂಪು ಒಸರಿ, ಮೈಮೇಲೆಲ್ಲ ಕಲೆ ಹರಡಿತ್ತು. ಅದೇ ಹೊತ್ತಿಗೆ ರೇಣುಕಾಪ್ರಸಾದ್ ಬಂದರು. ಹಲಗೆ ನೋಡಿದರು. ಸುತ್ತ ನಿಂತವರ ಬಾಯಿ ನೋಡಿದರು.

"ಯಾರು ಇದ್ರ ಮೇಲೆ ಎಲೆಅಡಿಕೆ ಉಗಿದೋರು?"

ಪುಷ್ಪಮ್ಮನಿಗೆ ಮೊದಲ ಸಲ ಮುಖ ಎತ್ತಲಾಗಲಿಲ್ಲ. ಅಷ್ಟು ಮಕ್ಕಳ ಸಾರಿಗೆ ಉಪ್ಪು ಹಾಕುವಾಗ ಒಂದು ದಿನವೂ ತಪ್ಪದ ಕೈ ಇಂದು ತಪ್ಪಿತ್ತು. ಮನೆಗೆ ಹೋಗಿ ಸುಮ್ಮನೆ ಕೂತಳು. ಚಂದ್ರು ತಾನೇ ಅನ್ನಕ್ಕಿಟ್ಟು, ಅದನ್ನು ಅಡಿಹಿಡಿಸಿ, ಬಡಿಸಿದ.

"ಮಾರಾಯ್ತಿ, ನೀನು ಹೊಸ ಅಕ್ಕಿ ತಂದ್ರೆ ಮೊದ್ಲು ಏನ್ ಮಾಡ್ತೀಯ?"

"ಒಂದು ಪಾವು ಹಾಕಿ ನೋಡ್ತೀನಿ. ನೀರು ಎಷ್ಟು ಕುಡಿಯುತ್ತೆ ಅಂತ."

"ಮತ್ತೆ ಇದಕ್ಕೆ ಬಕೆಟ್ಟೇ ಯಾಕೆ ಎತ್ತಿದ್ದು?"

ಪುಷ್ಪಮ್ಮ ಸೀದ ಅನ್ನವನ್ನು ಪೂರ್ತಿ ತಿಂದಳು. ಮಾರನೆಯ ಬೆಳಗ್ಗೆ ಮಧುಸೂದನನ ಮುಂದೆ ಮನೆಯ ಸೌಟು, ಪಾವು, ಚಟಾಕು ಎಲ್ಲ ತಂದಿಟ್ಟಳು. ಅವನು ಅವುಗಳನ್ನೆಲ್ಲ ತೂಗಿ ಗ್ರಾಮಿನಲ್ಲಿ ಬರೆದುಕೊಂಡ. ಅಲ್ಲಿಂದ ಪುಸ್ತಕಕ್ಕೂ ಕಣ್ಣಳತೆಗೂ ಇದ್ದ ಜಗಳ ನಿಂತಿತು, ಕೆಲಸ ಶುರುವಾಯಿತು. ಚೊಗರನ್ನು ಸೋಸಿ, ಒಣಗಿಸಿ ಪುಡಿ ಮಾಡಿದರು. ಮೈದಾದ ಒಂದು ಸಣ್ಣ ಪಾಲು ತೆಗೆದು ಅದರ ಜಾಗಕ್ಕೆ ಆ ಪುಡಿ, ಚಿಟಿಕೆಯಷ್ಟು ಯೂರಿಯಾ, ಹಾರ್ಡನರ್ ಮೊದಲಿನಷ್ಟೇ. ಪ್ರೆಸ್ಸಿನಲ್ಲಿ ಐದೂವರೆ ನಿಮಿಷ, ಒಂದು ಸೆಕೆಂಡೂ ಕಡಿಮೆ ಇಲ್ಲ. ಒಂಬತ್ತನೆಯ ಸಲ ಜಾಡಿಯ ನೀರು ಎಳನೀರಿನ ಬಣ್ಣಕ್ಕೆ ಬಂತು. ಚಾಕು ತೂರಿಸಿ ಮೀಟಿದಾಗ ಮರ ಚರ್ರೆಂದು ಸೀಳಿತು, ಅಂಟು ಅಲುಗಲಿಲ್ಲ. ಹಲಗೆಯ ನಡುಗೆರೆಗಳಲ್ಲಿ ಮಾತ್ರ ಕಂದು ಛಾಯೆ ಉಳಿಯಿತು. ಬೆಂಗಳೂರಿನ ಲ್ಯಾಬಿಗೆ ಕಳಿಸಿದ ಚೂರುಗಳು ಮಿತಿಯೊಳಗೆ ಪಾಸಾಗಿ, ಕಾಗದ ಬಂತು. ಮಧುಸೂದನ ಆ ಕಾಗದವನ್ನು ಮೂರು ಸಲ ಓದಿ, "ಪುಷ್ಪಮ್ಮೋರೇ, ನಿಮ್ಮ ಒಗರು ಗೆದ್ದಿತು," ಎಂದ. ಅವನು ಅವಳಿಗೆ 'ಓರೇ' ಸೇರಿಸಿದ್ದು ಅದೇ ಮೊದಲು.

ಆಷಾಢಕ್ಕೆ ಒಂದು ವಾರ ಇರುವಾಗ ರವೀಂದ್ರನಗರದಲ್ಲಿ ಹೊಸ ಬೀರು ನಿಂತಿತು. ಗಂಡಿನವರು ಮತ್ತೆ ಬಂದರು; ಫಲಾಹಾರಕ್ಕೆ ಈ ಸಲವೂ ಪುಷ್ಪಮ್ಮನೇ. ಜಗದಾಂಬಾ ಅಜ್ಜಿ ಯಾರೊಡನೆಯೂ ಮಾತಾಡದೆ ನೇರ ನಡುಮನೆಗೆ ಹೋಗಿ, ಕಿಟಕಿ ಮುಚ್ಚಿಸಿ, ಬೀರುವಿನ ಬಾಗಿಲು ತೆರೆಸಿ, ಅದರ ಎದುರಿಗೇ ಕುರ್ಚಿ ಹಾಕಿಸಿಕೊಂಡು ಕೂತರು. ಬಾಗಿಲು ಮುಚ್ಚಿತು. ಹೊರಗೆ ಜಗಲಿಯ ಮೇಲೆ ಎರಡೂ ಕಡೆಯವರು ಗಡಿಯಾರ ನೋಡುತ್ತ ಕೂತರು.

ಅರ್ಧ ಗಂಟೆಯಾಯಿತು. ಮುಕ್ಕಾಲು ಗಂಟೆಯಾಯಿತು. ಒಳಗಿಂದ ಸದ್ದಿಲ್ಲ. ಬಸವರಾಜೇಶ್ವರಿ ಬಾಗಿಲು ತಟ್ಟಿದರು. ಉತ್ತರವಿಲ್ಲ. ಹುಡುಗನ ಅಪ್ಪ, "ಅವ್ವಾ!" ಎಂದು ಕೂಗುತ್ತ ಬಾಗಿಲು ತಳ್ಳಿದರು. ಅಜ್ಜಿ ಕುರ್ಚಿಯಲ್ಲಿ ತಲೆ ಒಂದು ಕಡೆ ವಾಲಿಸಿ ಕೂತಿದ್ದರು. ಪುಷ್ಪಮ್ಮ ಸೌಟು ಹಿಡಿದೇ ಒಳಗೆ ಓಡಿಬಂದಳು. ಆಗ ಅಜ್ಜಿಯ ಮೂಗಿನಿಂದ ಸಣ್ಣಗೆ ಸೀಟಿ ಹೊಡೆದಂತೆ ಗೊರಕೆ ಬಂತು.

ಎಬ್ಬಿಸಿದಾಗ ಅವರು ಕಣ್ಣು ಮುಟ್ಟಿ ನೋಡಿಕೊಂಡರು. ಒಣಗಿತ್ತು. "ಚಲೋ ನಿದ್ದಿ ಬಂತು," ಎಂದರು. "ಈಗ ಹುಡುಗೀನ ಕರೀರಿ."

ಸ್ಫೂರ್ತಿ ಬಂದಳು. ಈ ಸಲ ಅವಳ ಕಣ್ಣು ತಿಳಿಯಾಗಿತ್ತು. ವೀರೇಂದ್ರನ ಕಣ್ಣೂ ತಿಳಿಯಾಗಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೆಟ್ಟಗೆ ನೋಡಿದ್ದು ಅದೇ ಮೊದಲು. ಹಿರಿಯರು ಇಬ್ಬರನ್ನೂ ಮಾತಾಡಲು ಬಿಟ್ಟರು. ಕಾಲು ಗಂಟೆ ಕಳೆದು ಸ್ಫೂರ್ತಿ ಅಜ್ಜಿಯ ಹತ್ತಿರ ಬಂದು ಕೂತಳು.

"ಅಜ್ಜಿ, ಬೇಜಾರು ಮಾಡ್ಕೋಬೇಡಿ. ಇವ್ರು ಒಳ್ಳೆಯವ್ರು. ಆದ್ರೆ ನಂಗೆ ಬೇಡ. ಅವತ್ತು ಕಣ್ಣೀರಲ್ಲಿ ಏನೂ ಸರಿಯಾಗಿ ಕಾಣ್ಲಿಲ್ಲ, ಅದಕ್ಕೆ ಸುಮ್ನಿದ್ದೆ."

ರೇಣುಕಾಪ್ರಸಾದ್ ಬಾಯಿ ತೆರೆದರು. ಬಸವರಾಜೇಶ್ವರಿ ಗಂಡನ ತೋಳು ಹಿಡಿದರು. ವೀರೇಂದ್ರ ಮಾತ್ರ ದೊಡ್ಡದೊಂದು ಉಸಿರು ಬಿಟ್ಟ. ಅದು ನಿಟ್ಟುಸಿರಲ್ಲ, ನಿರಾಳದ್ದು ಎಂದು ಎಲ್ಲರಿಗೂ ಗೊತ್ತಾಯಿತು. ಅಜ್ಜಿ ಮೊಮ್ಮಗನನ್ನೂ ಹುಡುಗಿಯನ್ನೂ ಒಂದು ಸಲ ನೋಡಿ, ಜೋರಾಗಿ ನಕ್ಕುಬಿಟ್ಟರು.

"ಆಯ್ತು ಬಿಡವ್ವ. ಹೇಳಿದ್ದು ಚಲೋ ಆಯ್ತು. ರೇಣುಕಾಪ್ರಸಾದ್, ಸಂಬಂಧ ಇಲ್ದಿದ್ರೂ ಇರ್ಲಿ, ಇಂಥ ಬೀರು ನಂಗೊಂದು ಬೇಕು. ಈ ಅಂಟು ಕಲಸಿದೋರು ಯಾರು?"

ಎಲ್ಲರೂ ಪುಷ್ಪಮ್ಮನ ಕಡೆ ತಿರುಗಿದರು. ಬೋಂಡದ ಜಾಲರಿ ಸೌಟು ಹಿಡಿದು ನಿಂತಿದ್ದ ಅವಳು, "ಇನ್ನೊಂದು ಬೋಂಡ ಹಾಕ್ಲಾ ಅಜ್ಜಿ?" ಎಂದಳು.

ಸಂಜೆ ಚಂದ್ರು ಕರೆದುಕೊಂಡು ಹೋಗಲು ಬಂದಾಗ ಬೀದಿಯಲ್ಲಿ ಹೊಸ ಮಳೆಯ ನೀರು ನಿಂತಿತ್ತು. ಪುಷ್ಪಮ್ಮ ಪಾತ್ರೆಗಳ ಚೀಲವನ್ನು ಆಟೊದೊಳಗಿಟ್ಟು, ಸೀರೆ ಎತ್ತಿ ಹಿಡಿದು ಹತ್ತಿದಳು.

"ಏನಾಯ್ತು?" ಎಂದ ಚಂದ್ರು.

"ಬೋರ್ಡು ಪಾಸು, ಗಂಡು ಫೇಲು," ಎಂದಳು ಪುಷ್ಪಮ್ಮ. "ನಡೀರಿ, ನಾಳೆ ಏಳಕ್ಕೇ ಹೋಗ್ಬೇಕು. ದಾವಣಗೆರೆ ಅಜ್ಜಿ ಬೀರಿಗೆ ಅಂಟು ಹಾಕ್ಬೇಕು."